ಹೊಗೆ ತಳ್ಳುವ ಎಣ್ಣೆ

ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ಸಾಲುಗಟ್ಟುವ ಟ್ಯಾಂಕರ್ ಲಾರಿಗಳನ್ನು ನೋಡಿದರೆ ಊರಿನ ಅಡಿಯಲ್ಲೇ ಎಣ್ಣೆ ಇದೆಯೇನೋ ಅನ್ನಿಸಬಹುದು. ಇಲ್ಲ. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ ತಯಾರಾದ ಪೆಟ್ರೋಲು, ಡೀಸೆಲ್ಲು ಹಾಸನದ ಮೇಲೆ ಸುಮಾರು 360 ಕಿ.ಮೀ. ಪೈಪ್‌ಲೈನಿನಲ್ಲಿ ಹರಿದು ಇಲ್ಲಿಗೆ ಬರುತ್ತದೆ. ವಿಮಾನದ ಇಂಧನ ಇಲ್ಲಿಂದ ಇನ್ನೊಂದು ಪೈಪಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯ ನೆಲವೆಲ್ಲ 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಎಣ್ಣೆ ಹುಟ್ಟಬೇಕಾದರೆ ಸಾಮಾನ್ಯವಾಗಿ ಸಮುದ್ರದ ತಳದಲ್ಲಿ ಕೆಸರು, ಜೀವಿಗಳ ಅವಶೇಷ ಪದರಪದರವಾಗಿ ಕೂತು ಕಲ್ಲಾಗಬೇಕು.

ಅಂಥ ಕಲ್ಲಿದ್ದರೂ ಎಣ್ಣೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಅದು ಕೆರೆಯಂತೆ ನಿಂತಿರುವುದಿಲ್ಲ, ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅಂಟಿಕೊಂಡಿರುತ್ತದೆ. ಬಾವಿ ಕೊರೆದಾಗ ಭೂಮಿಯ ಸ್ವಂತ ಒತ್ತಡಕ್ಕೆ ಸ್ವಲ್ಪ ಬರುತ್ತದೆ, ಆಮೇಲೆ ನೀರು ತುಂಬಿ ತಳ್ಳಿದರೆ ಇನ್ನಷ್ಟು. ಅರ್ಧಕ್ಕಿಂತ ಹೆಚ್ಚು ಪಾಲು ಬಹುತೇಕ ಕಡೆ ಅಲ್ಲೇ ಉಳಿಯುತ್ತದೆ. ಉಳಿದದ್ದನ್ನು ಎಬ್ಬಿಸಲು ಕಂಡುಕೊಂಡ ದಾರಿಗಳಲ್ಲಿ ಎಲ್ಲಕ್ಕಿಂತ ಧೈರ್ಯದ್ದು ನೆಲದೊಳಗೇ ಆ ಎಣ್ಣೆಗೆ ಬೆಂಕಿ ಇಡುವುದು.

ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದದ್ದು ಗುಜರಾತಿನ ಮೆಹ್ಸಾಣಾ. ಎಂಆರ್‌ಪಿಎಲ್‌ನ ಒಡೆಯ ಸಂಸ್ಥೆಯೇ ಆದ ಓಎನ್‌ಜಿಸಿ 1990ರಲ್ಲಿ ಬಾಲೋಲ್ ಕ್ಷೇತ್ರದಲ್ಲಿ ಪ್ರಯೋಗ ಶುರು ಮಾಡಿ, 1997ರಲ್ಲಿ ಬಾಲೋಲ್, ಸಾಂಥಾಲ್ ಎರಡರಲ್ಲೂ ದೊಡ್ಡ ಪ್ರಮಾಣಕ್ಕೆ ಒಯ್ದಿತು. ಅಲ್ಲಿಯದು ಕಾಕಂಬಿಯಂಥ ಮಂದ ತೈಲ. ಬೆಂಕಿಯ ಕಾವಿಗೆ ಅದು ತೆಳ್ಳಗಾಗಿ ಹರಿಯುತ್ತದೆ, ಇದು ಯಾರಿಗಾದರೂ ಅರ್ಥವಾಗುವ ಮಾತು.

ಮೊದಲೇ ನೀರಿನಂತೆ ಹರಿಯುವ ಹಗುರ ತೈಲವನ್ನು ಕಾಯಿಸಿ ಏನು ಬಂತು? ಇಲ್ಲಿ ಲೆಕ್ಕ ಬೇರೆ. ಅಮೆರಿಕದ ದಕ್ಷಿಣ ಡಕೋಟದ ಬಫಲೊ ಕ್ಷೇತ್ರದಲ್ಲಿ ಎಣ್ಣೆ ಇರುವುದು 8,000 ಅಡಿಗೂ ಆಳದಲ್ಲಿ, ಬಿಗಿಯಾದ ಡೋಲೊಮೈಟ್ ಕಲ್ಲಿನಲ್ಲಿ. ಆ ಕಲ್ಲಿನೊಳಗೆ ನೀರು ನುಗ್ಗುವುದು ಕಷ್ಟ, ಗಾಳಿ ನುಗ್ಗುತ್ತದೆ. 1979ರಿಂದ ಅಲ್ಲಿ ಗಾಳಿ ತುಂಬುತ್ತಾ ಬಂದರು. ಆ ಆಳದಲ್ಲಿ ಕಲ್ಲು ನೀರು ಕುದಿಯುವಷ್ಟು ಬಿಸಿ ಇರುವುದರಿಂದ ಬೆಂಕಿಕಡ್ಡಿ ಗೀರುವ ಗೋಜೇ ಇಲ್ಲ. ಗಾಳಿಯ ಆಮ್ಲಜನಕ ಎಣ್ಣೆಗೆ ತಗುಲಿ, ಕಾವು ಏರುತ್ತಾ ಹೋಗಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಜ್ವಾಲೆ ಅಂದುಕೊಳ್ಳಬೇಡಿ, ಕಲ್ಲಿನೊಳಗೆ ನಿಧಾನಕ್ಕೆ ಸರಿಯುವ ಕೆಂಡದ ಅಂಚು ಅದು.

ಸುಡುವುದು ನೂರರಲ್ಲಿ ಐದರಿಂದ ಹತ್ತು ಪಾಲು ಎಣ್ಣೆ ಮಾತ್ರ. ಆಮ್ಲಜನಕವೆಲ್ಲ ಅಲ್ಲೇ ಮುಗಿದು, ಸುಮಾರು 85 ಪಾಲು ಸಾರಜನಕ, 15 ಪಾಲು ಇಂಗಾಲದ ಡೈಆಕ್ಸೈಡ್ ಇರುವ ಹೊಗೆ ಉಳಿಯುತ್ತದೆ. ಕೆಂಡದ ಅಂಚು ಹೋಗದ ದೂರಕ್ಕೂ ಈ ಹೊಗೆ ಹೋಗುತ್ತದೆ. ಕುಸಿದಿದ್ದ ಒತ್ತಡವನ್ನು ಏರಿಸಿ, ಎಣ್ಣೆಯನ್ನು ಉಬ್ಬಿಸಿ, ಪಕ್ಕದ ಬಾವಿಯ ಕಡೆಗೆ ತಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ವಿದ್ಯೆಯ ಜಾಣತನ ಇರುವುದು ಇಲ್ಲೇ. ಹೊರಗಿನಿಂದ ದುಡ್ಡು ಕೊಟ್ಟು ಅನಿಲ ತರಬೇಕಿಲ್ಲ, ಬಿಟ್ಟಿ ಗಾಳಿಯನ್ನು ಕೊಟ್ಟರೆ ನೆಲವೇ ಬೇಕಾದ ಅನಿಲ ತಯಾರಿಸಿಕೊಳ್ಳುತ್ತದೆ.

ಗಾಳಿ ಬಿಟ್ಟಿಯಾದರೂ ಅದನ್ನು ಒತ್ತುವ ಯಂತ್ರ ಬಿಟ್ಟಿಯಲ್ಲ. ದೊಡ್ಡಬಳ್ಳಾಪುರದ ಕಡೆ ಸಾವಿರ ಅಡಿ ದಾಟಿ ಬೋರ್ ಕೊರೆಯುವ ಲಾರಿಯ ಕಂಪ್ರೆಸರ್ ಸದ್ದು ನಮಗೆ ಗೊತ್ತು; ಇಲ್ಲಿ ಬೇಕಾದದ್ದು ಅದರ ಹತ್ತು ಪಟ್ಟಿಗೂ ಹೆಚ್ಚು ಒತ್ತಡ, ಅದೂ ವರ್ಷಗಟ್ಟಲೆ, ಹಗಲೂ ರಾತ್ರಿ. ಮಧ್ಯೆ ಯಂತ್ರ ನಿಂತರೆ ನಷ್ಟವಷ್ಟೇ ಅಲ್ಲ, ಅಪಾಯ. ಕೆಳಗಿನ ಎಣ್ಣೆ ಗಾಳಿ ತುಂಬುವ ಬಾವಿಗೆ ವಾಪಸು ನುಗ್ಗಿ, ಮತ್ತೆ ಗಾಳಿ ಬಿಟ್ಟಾಗ ಪೈಪಿನಲ್ಲೇ ಸ್ಫೋಟವಾಗಬಹುದು. ಅದಕ್ಕೇ ಯಂತ್ರ ನಿಂತ ಕೂಡಲೇ ನೀರನ್ನೋ ಸಾರಜನಕವನ್ನೋ ತುಂಬಿ ಬಾವಿಯನ್ನು ತೊಳೆಯುತ್ತಾರೆ, ಕಂಪ್ರೆಸರಿಗೆ ಸುಲಭವಾಗಿ ಹೊತ್ತಿಕೊಳ್ಳದ ವಿಶೇಷ ಎಣ್ಣೆಯನ್ನೇ ಹಾಕುತ್ತಾರೆ. ಎಣ್ಣೆ ಬರುವ ಬಾವಿಯ ಅನಿಲದಲ್ಲಿ ಆಮ್ಲಜನಕ ಕಾಣಿಸಿಕೊಂಡಿತೋ, ಒಳಗೆ ಬೆಂಕಿ ಸರಿಯಾಗಿ ಉರಿಯುತ್ತಿಲ್ಲ ಎಂದೇ ಲೆಕ್ಕ. ಆಗ ಆ ಬಾವಿಯನ್ನು ಮುಚ್ಚುತ್ತಾರೆ.

ಅಹಮದಾಬಾದ್ ಬಳಿಯ ಗಾಮಿಜ್ ಕ್ಷೇತ್ರದ ಹಗುರ ತೈಲಕ್ಕೂ ಓಎನ್‌ಜಿಸಿ ಈ ಗಾಳಿಯ ಪ್ರಯೋಗ ಮಾಡಿದೆ. ಬೇಕಾದ ಎಣ್ಣೆಯ ಬಹುಪಾಲನ್ನು ಹೊರಗಿನಿಂದಲೇ ತರಿಸಿಕೊಳ್ಳುವ ದೇಶಕ್ಕೆ ಹಳೆಯ ಬಾವಿಗಳಲ್ಲಿ ಉಳಿದದ್ದರ ಮೇಲೆ ಕಣ್ಣಿರುವುದು ಸಹಜ. ಆದರೆ ಬಾವಿಯಿಂದ ಎಣ್ಣೆಯ ಜೊತೆಗೇ ಮೇಲೆ ಬರುವ ಹೊಗೆಯನ್ನು ಏನು ಮಾಡುತ್ತೇವೆ ಎಂಬ ಲೆಕ್ಕವನ್ನೂ ಗಾಳಿ ತುಂಬುವ ಮೊದಲೇ ಹಾಕಿಟ್ಟುಕೊಳ್ಳಬೇಕಾಗುತ್ತದೆ.