ಬಂಡೆಯನ್ನು ಓದಬಲ್ಲ ಇಂಜಿನಿಯರು

ಕಲ್ಲಿನ ಉದ್ಯಮದಲ್ಲಿ ಲಾಭ-ನಷ್ಟಗಳು ಬಹುಮಟ್ಟಿಗೆ ಕಾರ್ಖಾನೆಯಲ್ಲಲ್ಲ, ಗಣಿಯ ಬಾಯಿಯಲ್ಲಿಯೇ ನಿರ್ಧಾರವಾಗುತ್ತವೆ. ಆದ್ದರಿಂದ ಭೂವೈಜ್ಞಾನಿಕ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬೇಸಿಗೆಯ ಕ್ಷೇತ್ರಾಧ್ಯಯನವು ಉದ್ದಿಮೆದಾರರಿಗೂ ಸಂಬಂಧಿಸಿದ ವಿಷಯವಾಗಿದೆ. ಇದಕ್ಕೆ ಬಾಗಲಕೋಟೆ ಜಿಲ್ಲೆಯಷ್ಟು ಅನುಕೂಲವಾದ ಪ್ರದೇಶಗಳು ವಿರಳ. ರಾಬರ್ಟ್ ಬ್ರೂಸ್ ಫೂಟ್ ಅವರು ಇಲ್ಲಿನ ಶಿಲೆಗಳನ್ನು ಕುರಿತ ವಿಸ್ತೃತ ಗ್ರಂಥವನ್ನು 1876ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಬಾಗಲಕೋಟೆಯ ಸುತ್ತ ಸುಣ್ಣದಕಲ್ಲು ಹಾಗೂ ಡಾಲೊಮೈಟ್ ಎರಡೂ ದೊರೆಯುತ್ತವೆ. ನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಬೆಲೆ, ಬಳಕೆಗಳು ಬೇರೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ಸುಣ್ಣದಕಲ್ಲು ನೊರೆಯುಕ್ಕುತ್ತದೆ. ಡಾಲೊಮೈಟ್ ಪುಡಿ ಮಾಡಿದಾಗಲೇ ಚೆನ್ನಾಗಿ ಸ್ಪಂದಿಸುತ್ತದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಮೆಗ್ನೀಷಿಯಾ ಶೇ. 6ನ್ನು ಮೀರಬಾರದೆಂಬ ಮಾನಕವಿರುವುದರಿಂದ, ಈ ಸರಳ ಪರೀಕ್ಷೆ ಸಿಮೆಂಟ್ ಉದ್ಯಮಕ್ಕೆ ಮೊದಲ ಎಚ್ಚರಿಕೆಯಾಗುತ್ತದೆ.

ಬಾದಾಮಿಯ ಮರಳುಶಿಲೆಯ ಪದರಗಳು ಬಹುತೇಕ ಸಮತಲವಾಗಿವೆ; ಅವುಗಳ ಕೆಳಗಿನ ಹಳೆಯ ಬಾಗಲಕೋಟೆ ಶಿಲೆಗಳು ಮಡಿಕೆಗೊಂಡು ವಾಲಿವೆ. ಕ್ಲಿನೋಮೀಟರಿನಿಂದ ಆ ವಾಲಿಕೆಯನ್ನು ಅಳೆದರೆ, ಪದರವು ಭೂಮಿಯೊಳಗೆ ಯಾವ ದಿಕ್ಕಿಗೆ, ಎಷ್ಟು ಆಳಕ್ಕೆ ಸಾಗುವುದೆಂಬುದನ್ನು ಅಂದಾಜಿಸಬಹುದು. ದಪ್ಪನೆಯ, ಬಿರುಕು ಕಡಿಮೆಯಿರುವ ಪದರದ ಬೆಲೆಯನ್ನು ಚಾಲುಕ್ಯರ ಶಿಲ್ಪಿಗಳು ಬಲ್ಲವರಾಗಿದ್ದರು, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯೇ ಅದಕ್ಕೆ ಸಾಕ್ಷಿ.

ಹುನಗುಂದ ಭಾಗದಲ್ಲಿ ಕಬ್ಬಿಣ ಹಾಗೂ ಸಿಲಿಕಾ ಪಟ್ಟಿಗಳು ಒಂದರ ಮೇಲೊಂದು ಕೂಡಿದ ಪ್ರಾಚೀನ ಶಿಲೆಗಳಿವೆ. ಪಟ್ಟಿಯ ದಪ್ಪ, ಕಣದ ಗಾತ್ರಗಳನ್ನು ತಿಳಿಯದೆ ಅದಿರಿನ ಸಂಸ್ಕರಣಾ ವೆಚ್ಚವನ್ನು ಲೆಕ್ಕ ಹಾಕಲಾಗದು.

ಇಳಕಲ್ಲಿನ ಕೆಂಪು ಗ್ರಾನೈಟ್ ವಿದೇಶಗಳಲ್ಲಿಯೂ ಹೆಸರಾದುದು. ಪೊಟ್ಯಾಷ್ ಫೆಲ್ಡ್‌ಸ್ಪಾರ್ ಅದಕ್ಕೆ ಬಣ್ಣ ನೀಡಿದೆ. ಆದರೆ ಬ್ಲಾಕಿನ ಗಾತ್ರವನ್ನು ನಿರ್ಧರಿಸುವುದು ಬಿರುಕುಗಳ ನಡುವಣ ಅಂತರ. ಗಣಿಯಲ್ಲಿ ಗಮನಕ್ಕೆ ಬಾರದ ಕೂದಲೆಳೆಯ ಬಿರುಕು ಗರಗಸದಡಿ ಹಲಗೆಯನ್ನೇ ಇಬ್ಭಾಗ ಮಾಡುತ್ತದೆ. ಅಷ್ಟರಲ್ಲಿ ಸಾಗಣೆ, ವಿದ್ಯುತ್ತು, ಕೂಲಿಯ ವೆಚ್ಚವೆಲ್ಲ ಆಗಿಹೋಗಿರುತ್ತದೆ.

ಬಿರುಕುಗಳ ದಿಕ್ಕು, ಅಂತರಗಳನ್ನು ನಕ್ಷೆಯಲ್ಲಿ ಗುರುತಿಸುವುದು ಕ್ಷೇತ್ರಾಧ್ಯಯನದ ಮೂಲಪಾಠ. ಸಣ್ಣ ಗಣಿಗಳ ಮಾಲೀಕರು ಸೂಕ್ತ ಸುರಕ್ಷತಾ ವ್ಯವಸ್ಥೆಯೊಂದಿಗೆ ಕೆಲವು ದಿನ ವಿದ್ಯಾರ್ಥಿಗಳಿಗೆ ಪ್ರವೇಶವಿತ್ತು, ಪ್ರಾಧ್ಯಾಪಕರು ಪರಿಶೀಲಿಸಿದ ನಕ್ಷೆಯ ಪ್ರತಿಯನ್ನು ಪಡೆಯುವುದು ಉಭಯತರಿಗೂ ಹಿತಕರ. ಎಲ್ಲಿ ಕತ್ತರಿಸಬಾರದೆಂಬ ತಿಳಿವಳಿಕೆಯೂ ಉದ್ಯಮಕ್ಕೆ ಬಂಡವಾಳವೇ ಸರಿ.