ಬೇವಿನ ಕಷಾಯಕ್ಕೆ ಪೇಟೆಂಟ್ ಅಡ್ಡ ಬರುತ್ತಾ?

"ಸರ್, ಬೇವಿನ ಮೇಲೆ ವಿದೇಶಿ ಕಂಪನಿಯವ್ರ ಪೇಟೆಂಟ್ ಇದೆಯಂತೆ. ನಾವು ಕಷಾಯ ಮಾಡಿ ಹೊಡೆದ್ರೆ ಕೇಸ್ ಹಾಕ್ತಾರಾ?" ಕಳೆದ ವಾರ ಯುವ ರೈತರೊಬ್ಬರು ಫೋನ್ ಮಾಡಿ ಕೇಳಿದ್ರು. ಭಯ ಬೇಡ, ನಿಮ್ಮ ಹೊಲಕ್ಕೆ ನೀವೇ ಮಾಡಿಕೊಳ್ಳುವ ಕಷಾಯಕ್ಕೆ ಯಾರೂ ಅಡ್ಡ ಬರಲ್ಲ. ಆದರೆ ಬೇವಿನ ಉತ್ಪನ್ನವನ್ನು ಹೊರದೇಶಕ್ಕೆ ಮಾರಲು ಹೊರಟರೆ ಲೆಕ್ಕ ಬೇರೆ.

ಹೊಸದಾಗಿ ಕಂಡುಹಿಡಿದ ವಸ್ತು ಅಥವಾ ವಿಧಾನವನ್ನು ಬೇರೆಯವರು ಅನುಮತಿಯಿಲ್ಲದೆ ಬಳಸಿ ವ್ಯಾಪಾರ ಮಾಡದಂತೆ ತಡೆಯುವ ಹಕ್ಕೇ ಪೇಟೆಂಟ್. ಸಾಮಾನ್ಯವಾಗಿ ಇದರ ಅವಧಿ 20 ವರ್ಷ. ಬೇವಿನ ಮರಕ್ಕೆ ಯಾರೂ ಪೇಟೆಂಟ್ ಪಡೆದಿರಲಿಲ್ಲ. ಎಣ್ಣೆ ತೆಗೆಯುವ, ಕೆಡದಂತೆ ಇಡುವ, ಬಳಸುವ ವಿಧಾನಗಳಿಗೆ ಪಡೆದಿದ್ದರು. ಇನ್ನೊಂದು ಮಾತು: ಪೇಟೆಂಟ್ ಕೊಟ್ಟ ದೇಶದಲ್ಲಿ ಮಾತ್ರ ಅದು ನಡೆಯುತ್ತೆ. ಹಾಗಾಗಿ ಇಲ್ಲಿ ಸಲೀಸಾಗಿ ಮಾರುವ ಸರಕು ಅಲ್ಲಿನ ಬಂದರಿನಲ್ಲಿ ನಿಲ್ಲಬಹುದು.

1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯೂ.ಆರ್. ಗ್ರೇಸ್ ಕಂಪನಿಗೆ ಒಂದು ಪೇಟೆಂಟ್ ಕೊಟ್ಟಿತು. ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರ ರೋಗ ತಡೆಯುವ ವಿಧಾನ ಅದು. ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಬೇವು! ವಂದನಾ ಶಿವ, ಸಾವಯವ ಕೃಷಿಕರ ಜಾಗತಿಕ ಒಕ್ಕೂಟ ಐಫೋಮ್ ಮತ್ತು ಯುರೋಪ್ ಸಂಸತ್ತಿನ ಹಸಿರು ಪಕ್ಷದವರು ಸೇರಿ 1995ರಲ್ಲಿ ಆಕ್ಷೇಪಣೆ ಹಾಕಿದರು. ಪೇಟೆಂಟ್ 2000ದಲ್ಲಿ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿತ್ತು.

ಗೆದ್ದದ್ದು ಬರೀ ಘೋಷಣೆಯಿಂದಲ್ಲ. ಪೇಟೆಂಟ್ ಅರ್ಜಿಗೂ ಮುಂಚೆಯೇ ಇಲ್ಲಿ ಬೇವಿನ ಸಾರವನ್ನು ರೈತರ ಹೊಲದಲ್ಲಿ ಪ್ರಯೋಗಿಸಿದ್ದಕ್ಕೆ ಸಾಕ್ಷ್ಯ ಸಿಕ್ಕಿತು. ಆದ್ರೂ ಹತ್ತು ವರ್ಷ ಹಿಡಿಯಿತು. ಆ ತೀರ್ಪು ಯುರೋಪಿಗಷ್ಟೇ. ಅಮೆರಿಕದಲ್ಲಿದ್ದ ಬೇವಿನ ಬೇರೆ ಪೇಟೆಂಟ್‌ಗಳಿಗೆ ಅದರಿಂದ ಏನೂ ಆಗಲಿಲ್ಲ.

ಸರಿ, ನಾವು ಏನು ಮಾಡ್ಬೇಕು?

• ನಿಮ್ಮೂರಲ್ಲಿ ಬಳಕೆಯಲ್ಲಿರುವ ಕಷಾಯ, ಬೀಜೋಪಚಾರಗಳನ್ನು ದಿನಾಂಕ, ಪ್ರಮಾಣ, ಬೆಳೆ, ಫಲಿತಾಂಶದ ಸಮೇತ ದಾಖಲಿಸಿ. ಫೋಟೋ ಇಡಿ, ಬಿಲ್ ಎಸೆಯಬೇಡಿ.

• ನೀವೇ ಹೊಸದೇನಾದ್ರೂ ಕಂಡುಹಿಡಿದು ಪೇಟೆಂಟ್ ಪಡೆಯುವ ಆಸೆ ಇದ್ದರೆ, ಅರ್ಜಿ ಹಾಕುವ ಮೊದಲು ಯೂಟ್ಯೂಬ್‌ಗೆ ಹಾಕ್ಬೇಡಿ. ಒಮ್ಮೆ ಬಹಿರಂಗವಾದದ್ದು 'ಹೊಸದು' ಅನ್ನಿಸಿಕೊಳ್ಳೋದಿಲ್ಲ.

• ಜೈವಿಕ ಉತ್ಪನ್ನ ರಫ್ತು ಮಾಡುವ ಮುಂಚೆ ಆ ದೇಶದಲ್ಲಿ ಪೇಟೆಂಟ್ ಇದೆಯಾ ನೋಡಿ. ಯುರೋಪಿನ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಮೊಬೈಲಿನಲ್ಲೇ ಉಚಿತವಾಗಿ ಹುಡುಕಬಹುದು. ಅಲ್ಲಿನ ಕೀಟನಾಶಕ ನೋಂದಣಿ ಬೇರೆಯೇ ವಿಷಯ, ಅದನ್ನೂ ಕೇಳಿಕೊಳ್ಳಿ.

ಅಜ್ಜನ ಜ್ಞಾನ ಬಾಯಲ್ಲೇ ಉಳಿದ್ರೆ ಕಚೇರಿಯಲ್ಲಿ ಅದನ್ನು ಸಾಬೀತು ಮಾಡೋದು ಕಷ್ಟ. ಈ ವಾರ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದಾದರೂ ಬರೆದಿಡಿ.