ಜೇನು ಮತ್ತು ಸಕ್ಕರೆ: ಮಧುಮೇಹಿಗಳು ಅರಿಯಬೇಕಾದ ಲೆಕ್ಕ

‘ಮಧುಮೇಹ’ ಎಂಬ ಹೆಸರಿನಲ್ಲಿಯೇ ಮಧು ಅಡಗಿದೆ. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನು ಗಮನಿಸಿ ನಮ್ಮ ಪ್ರಾಚೀನ ವೈದ್ಯರು ಈ ರೋಗಕ್ಕೆ ಆ ಹೆಸರನ್ನಿಟ್ಟರು. ಆದರೆ ಇಂದು, ಸಕ್ಕರೆಯನ್ನು ಬಿಡಬೇಕೆಂದು ವೈದ್ಯರು ಹೇಳಿದೊಡನೆ, ಅನೇಕ ಮನೆಗಳಲ್ಲಿ ಸಕ್ಕರೆ ಡಬ್ಬಿಯ ಸ್ಥಾನಕ್ಕೆ ಜೇನಿನ ಸೀಸೆ ಬಂದು ಕೂರುತ್ತದೆ. ಜೇನು ಪ್ರಕೃತಿದತ್ತವಾದುದು, ಪಂಚಾಮೃತದಲ್ಲಿ ಸೇರುವಂಥದು. ಆದುದರಿಂದ ಅದು ಕೇಡು ಮಾಡದು ಎಂಬುದು ಜನರ ನಂಬಿಕೆ. ಅದೇ ಪಂಚಾಮೃತದಲ್ಲಿ ಸಕ್ಕರೆಯೂ ಇದೆ ಎಂಬುದನ್ನು ನಾವು ಮರೆಯುತ್ತೇವೆ.

ಸಕ್ಕರೆಯೆಂದರೆ ಸುಕ್ರೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳು ಅದರಲ್ಲಿ ಬೆಸೆದುಕೊಂಡಿವೆ. ನಮ್ಮ ಕರುಳು ಅದನ್ನು ಒಡೆದು ಹೀರಿಕೊಳ್ಳುತ್ತದೆ. ಜೇನಿನಲ್ಲಿ ಇರುವುದೂ ಮುಖ್ಯವಾಗಿ ಇವೆರಡೇ. ಹೂವಿನ ಮಕರಂದದಲ್ಲಿರುವ ಸುಕ್ರೋಸನ್ನು ಜೇನ್ನೊಣವು ತನ್ನ ಕಿಣ್ವದಿಂದ ಮೊದಲೇ ಒಡೆದಿಟ್ಟಿರುತ್ತದೆ, ಅಷ್ಟೇ. ಜೇನಿನ 100 ಭಾಗಗಳಲ್ಲಿ ಸುಮಾರು 80 ಭಾಗ ಸಕ್ಕರೆಗಳು, ಸುಮಾರು 17 ಭಾಗ ನೀರು. ಖನಿಜಾಂಶ, ಜೀವಸತ್ವ ಮೊದಲಾದವು ಉಳಿದ ಅಲ್ಪ ಭಾಗದಲ್ಲಿವೆ.

ಆಹಾರವು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದನ್ನು ಗ್ಲೈಸೆಮಿಕ್ ಸೂಚ್ಯಂಕವು ತಿಳಿಸುತ್ತದೆ. ಸಕ್ಕರೆಯ ಸೂಚ್ಯಂಕ ಸುಮಾರು 65. ಜೇನಿನದು ಸರಾಸರಿ 60ರ ಆಸುಪಾಸು, ಹೂವಿನ ಮೂಲವನ್ನನುಸರಿಸಿ ಹೆಚ್ಚುಕಡಿಮೆಯಾಗುತ್ತದೆ. ಈ ಅಂತರ ಬಹಳ ಚಿಕ್ಕದು. ಅದಕ್ಕಿಂತ ಮುಖ್ಯವಾದುದು ಚಮಚದ ಲೆಕ್ಕ. ಒಂದು ಸಣ್ಣ ಚಮಚ ಸಕ್ಕರೆಯ ತೂಕ ಸುಮಾರು 4 ಗ್ರಾಂ. ಅದೇ ಚಮಚದ ಜೇನು ಸುಮಾರು 7 ಗ್ರಾಂ ತೂಗುತ್ತದೆ. ಅದರಲ್ಲಿ ಸಕ್ಕರೆಯಂಶವೇ ಸುಮಾರು 6 ಗ್ರಾಂ. ಅಂದರೆ, ಎರಡು ಚಮಚ ಸಕ್ಕರೆಯ ಬದಲಿಗೆ ಎರಡು ಚಮಚ ಜೇನನ್ನು ಬಳಸಿದವರು ಸಕ್ಕರೆಯನ್ನು ಕಡಿಮೆ ಮಾಡಿದಂತಾಗಲಿಲ್ಲ, ಹೆಚ್ಚಿಸಿದಂತಾಯಿತು. ಜೇನು ಹೆಚ್ಚು ಸಿಹಿಯಾದುದರಿಂದ ಅರ್ಧ ಚಮಚದಲ್ಲಿಯೇ ತೃಪ್ತರಾಗುವವರಿಗೆ ಮಾತ್ರ ಈ ಬದಲಾವಣೆಯಿಂದ ಲಾಭ.

ಜೇನಿನಲ್ಲಿ ಫ್ರಕ್ಟೋಸ್ ಅಧಿಕ. ಅದು ರಕ್ತದ ಗ್ಲೂಕೋಸನ್ನು ಒಡನೆಯೇ ಏರಿಸುವುದಿಲ್ಲವೆಂಬುದು ನಿಜ. ಆದರೆ ಅದರ ನಿರ್ವಹಣೆಯ ಭಾರವೆಲ್ಲ ಬಹುಮಟ್ಟಿಗೆ ಯಕೃತ್ತಿನದು. ಪ್ರಮಾಣ ಮೀರಿದಾಗ ಅಲ್ಲಿ ಅದು ಕೊಬ್ಬಾಗಿ ಪರಿವರ್ತನೆಗೊಳ್ಳುತ್ತದೆ.

‘ಆಯುರ್ವೇದವು ಪ್ರಮೇಹಕ್ಕೆ ಜೇನನ್ನು ಹೇಳಿಲ್ಲವೇ?’ ಎಂದು ಕೆಲವರು ಕೇಳಬಹುದು. ಹೇಳಿದೆ. ಆದರೆ ಅಲ್ಲಿ ಜೇನು ತ್ರಿಫಲಾದಿ ಔಷಧಗಳೊಡನೆ, ಅಳತೆಯಲ್ಲಿ, ಪಥ್ಯ ಹಾಗೂ ವ್ಯಾಯಾಮದ ಜೊತೆಗೆ ಬರುತ್ತದೆ. ಔಷಧದ ಅನುಪಾನವನ್ನು ನಿತ್ಯದ ಸಿಹಿಯನ್ನಾಗಿ ಮಾಡಿಕೊಂಡರೆ ಶಾಸ್ತ್ರವನ್ನು ಪಾಲಿಸಿದಂತಾಗುವುದಿಲ್ಲ. ಮೇಲಾಗಿ, ಇಂದಿನ ಮಾರುಕಟ್ಟೆಯಲ್ಲಿ ಸಕ್ಕರೆ ಪಾಕವನ್ನು ಬೆರೆಸಿದ ಜೇನೂ ಇದೆ. ಅದನ್ನು ನೀರಿನ ಲೋಟದಲ್ಲಿಯೋ ಬೆಂಕಿಕಡ್ಡಿಯಿಂದಲೋ ಪರೀಕ್ಷಿಸಿ ಖಚಿತವಾಗಿ ತಿಳಿಯಲಾಗದು.

ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ಮಾರ್ಗಸೂಚಿಯಲ್ಲಿ ಜೇನನ್ನೂ ಸಕ್ಕರೆಯ ಸಾಲಿನಲ್ಲಿಯೇ ಎಣಿಸಿದೆ. ಇಂಥ ಸಕ್ಕರೆಗಳಿಂದ ದೊರೆಯುವ ಶಕ್ತಿಯು ದಿನದ ಆಹಾರದ ಒಟ್ಟು ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು ಎಂದಿದೆ. ಇದು ಆರೋಗ್ಯವಂತರಿಗೂ ಹೇಳಿದ ಮಿತಿ. ಮಧುಮೇಹಿಗಳು ತಮ್ಮ ಮಿತಿಯನ್ನು ವೈದ್ಯರಿಂದಲೇ ತಿಳಿಯಬೇಕು. ಜೇನು ಸೇವಿಸುವವರು ಅದನ್ನು ದಿನದ ಸಕ್ಕರೆಯ ಲೆಕ್ಕಕ್ಕೇ ಸೇರಿಸಬೇಕು. ಜೇನನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಅಪಾಯಕಾರಿ.

ಜೇನು ನೆರವಿಗೆ ಬರುವ ಸಂದರ್ಭವೂ ಒಂದಿದೆ. ಔಷಧ ಪಡೆಯುತ್ತಿರುವವರಲ್ಲಿ ರಕ್ತದ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡಾಗ ಒಂದು ದೊಡ್ಡ ಚಮಚ ಜೇನು ಅಥವಾ ಸಕ್ಕರೆಯನ್ನು ಕೊಡಬೇಕು. 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಒಂದು ವರ್ಷ ತುಂಬದ ಶಿಶುವಿಗೆ ಜೇನು ನೆಕ್ಕಿಸುವ ರೂಢಿಯನ್ನೂ ಬಿಡಬೇಕು. ಅದರಲ್ಲಿರಬಹುದಾದ ಬೊಟುಲಿಸಂ ರೋಗದ ಬೀಜಾಣುಗಳು ಎಳೆಯ ಕರುಳಿಗೆ ಅಪಾಯಕಾರಿ.

ಜೇನೋ ಸಕ್ಕರೆಯೋ ಎಂಬುದಕ್ಕಿಂತ ಎಷ್ಟು ಎಂಬುದೇ ಮಧುಮೇಹಿಯ ನಿಜವಾದ ಪ್ರಶ್ನೆ. ನಾಲಗೆಗೆ ಸಿಹಿಯ ಹಂಬಲವನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿಸುತ್ತ ಬಂದರೆ, ಕೆಲವೇ ವಾರಗಳಲ್ಲಿ ಸಪ್ಪೆ ಚಹವೂ ರುಚಿಸತೊಡಗುತ್ತದೆ. ಆಗ ಎರಡು ಡಬ್ಬಿಗಳೂ ಅಡುಗೆಮನೆಯ ಮೇಲಿನ ಹಲಗೆಯನ್ನೇರಬಹುದು.